ಅಂಕ ಕೊಡುವವರು ಬದಲಾದಾಗ

ಸೇನೆಯ ವಿಶೇಷ ಪಡೆಯಾದ ಪ್ಯಾರಾ ಎಸ್‌ಎಫ್‌ಗೆ (ಸ್ಪೆಷಲ್ ಫೋರ್ಸಸ್) ಹೋಗಬೇಕೆನ್ನುವ ಹುಡುಗರು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಸರ್, ದಿನಕ್ಕೆ ಎಷ್ಟು ಕಿಲೋಮೀಟರ್ ಓಡಬೇಕು?" ಓಡಲೇಬೇಕು, ಬೇರೆ ದಾರಿಯಿಲ್ಲ. ಆದರೆ ಸೇನಾಧಿಕಾರಿಗಳನ್ನು ತಯಾರು ಮಾಡುವ ಡೆಹ್ರಾಡೂನ್‌ನ ಐಎಂಎ (ಇಂಡಿಯನ್ ಮಿಲಿಟರಿ ಅಕಾಡೆಮಿ) ಮುಗಿಸಿದವನಿಗೆ ಓಟ ಹೊಸದಲ್ಲ. ಎಸ್‌ಎಫ್‌ಗೆ ತಕ್ಕವನೇ ಎಂದು ಪರೀಕ್ಷಿಸುವ ಪ್ರೊಬೇಷನ್‌ನಲ್ಲಿ ನನಗೆ ಹೊಸದೆನಿಸಿದ್ದು ನಮ್ಮನ್ನು ಅಳೆಯುವ ಕಣ್ಣುಗಳು.

ಅಕಾಡೆಮಿಯಲ್ಲಿ ಡ್ರಿಲ್ಲು, ಫೈರಿಂಗು, ಕ್ರಾಸ್ ಕಂಟ್ರಿ, ತರಗತಿ ಎಲ್ಲಕ್ಕೂ ಅಂಕ. ಕೊನೆಗೆ ಆರ್ಡರ್ ಆಫ್ ಮೆರಿಟ್, ಅಂದರೆ ಅಂಕದ ಪ್ರಕಾರ ಶ್ರೇಯಾಂಕ. ಪಾಸಿಂಗ್ ಔಟ್ ಪರೇಡ್ ಮುಗಿದು, ಕೆಡೆಟ್ ಆಗಿ ಇಡುವ ಕೊನೆಯ ಹೆಜ್ಜೆಯಾದ ಅಂತಿಮ ಪಗ್ ದಾಟಿ, ಅಪ್ಪ ಅಮ್ಮ ಭುಜಕ್ಕೆ ನಕ್ಷತ್ರ ಹಾಕಿದರೆ ಲೆಫ್ಟಿನೆಂಟ್ ಸಾಹೇಬರು ತಯಾರು. ಎಸ್‌ಎಫ್ ಯೂನಿಟ್‌ಗೆ ಬಂದರೆ ಹವಾಲ್ದಾರರೊಬ್ಬರು "ಸಾಬ್" ಎಂದೇ ಕರೆದು, ಅದೇ ಉಸಿರಿನಲ್ಲಿ ಮರದ ದಿಮ್ಮಿ ಎತ್ತಿಸುತ್ತಾರೆ. ಪಕ್ಕದಲ್ಲಿ ಅದೇ ದಿಮ್ಮಿಗೆ ಹೆಗಲು ಕೊಟ್ಟವನು ಸಿಪಾಯಿ. ಅವನೂ ಪ್ರೊಬೇಷನ್‌ನಲ್ಲೇ ಇದ್ದಾನೆ.

ಇದು ಅಧಿಕಾರಿಗಳನ್ನು ಕುಗ್ಗಿಸುವ ಆಟವಲ್ಲ. ಎಸ್‌ಎಫ್ ಕೆಲಸ ಮಾಡುವುದು ಸಣ್ಣ ತಂಡಗಳಲ್ಲಿ. ಒಬ್ಬ ಸ್ಫೋಟಕ ಬಲ್ಲವನು, ಒಬ್ಬ ರೇಡಿಯೋದವನು, ಒಬ್ಬ ವೈದ್ಯಕೀಯ ಕಲಿತವನು. ಅವರವರ ಕೆಲಸದಲ್ಲಿ ಹೊಸ ಲೆಫ್ಟಿನೆಂಟ್‌ಗಿಂತ ಅವರೇ ಮೇಲು. ನಾಳೆ ಕತ್ತಲಲ್ಲಿ ಇವನ ಹಿಂದೆ ಹೋಗಬಹುದಾ ಎಂದು ಅವರು ನೋಡುತ್ತಾರೆ. ನೋಡಲೇಬೇಕಲ್ಲ, ಜೀವ ಅವರದು.

ರಾತ್ರಿ ಮಾರ್ಚ್‌ನ ನಡುವಿನ ಹಾಲ್ಟ್ ನೆನಪಿಸಿಕೊಳ್ಳುತ್ತೇನೆ. ನಿದ್ದೆಯಿಲ್ಲ, ಬೆನ್ನಿನ ಚೀಲದ ಪಟ್ಟಿ ಹೆಗಲು ಕೊಯ್ಯುತ್ತಿದೆ. ನಿಂತ ಕೂಡಲೇ ಕುಸಿದು ಕೂರುವವರಿದ್ದರು. ಇನ್ನು ಕೆಲವರು ಎಲ್‌ಎಂಜಿ (ಲೈಟ್ ಮಷಿನ್ ಗನ್) ಯಾರ ಹೆಗಲ ಮೇಲೆ ಎಷ್ಟು ಹೊತ್ತಿನಿಂದ ಇದೆ ಎಂದು ನೋಡಿ ಬದಲಾಯಿಸುತ್ತಿದ್ದರು, ಬೂಟು ಬಿಚ್ಚಿಸಿ ಬೊಬ್ಬೆ ಎದ್ದ ಕಾಲು ನೋಡುತ್ತಿದ್ದರು. ಆಮೇಲೆ ಪಾಂಚೋ ಹೊದ್ದು, ಅದರೊಳಗೆ ಟಾರ್ಚ್ ಹಿಡಿದು ನಕ್ಷೆ. ತರಬೇತಿ ಕೊಡುವ ಉಸ್ತಾದರು ಏನನ್ನೂ ಬರೆದುಕೊಳ್ಳುವುದಿಲ್ಲ. ಎಲ್ಲರಿಗಿಂತ ಸುಸ್ತಾದ ಸಿಪಾಯಿಯನ್ನು ಹುಡುಕಿ ಕೇಳುತ್ತಾರೆ: "ಮುಂದಿನ ಆರ್‌ವಿ ಎಲ್ಲಿ?" ಆರ್‌ವಿ ಎಂದರೆ ಎಲ್ಲರೂ ಸೇರಬೇಕಾದ ಜಾಗ. ಸಿಪಾಯಿ ತಡವರಿಸಿದರೆ, ಇವನಿಗೆ ಹೇಳಿಲ್ಲವೇ ಎಂಬಂತೆ ಉಸ್ತಾದರು ತಿರುಗಿ ನೋಡುವುದು ಲೆಫ್ಟಿನೆಂಟ್‌ನ ಮುಖವನ್ನು. ನಾಯಕನಿಗೆ ಗುಂಡು ತಗುಲಿದರೆ ಉಳಿದವರು ದಾರಿ ಕಂಡುಕೊಳ್ಳಬೇಕು ತಾನೆ?

ನಮ್ಮೊಡನೆ ಅದ್ಭುತವಾಗಿ ಓಡುವ ಗೆಳೆಯನೊಬ್ಬನಿದ್ದ. ಪ್ರತಿ ಸಲ ಮೊದಲು ತಲುಪುತ್ತಿದ್ದ, ತಂಡವನ್ನು ಹಿಂದೆ ಬಿಟ್ಟು. ಎಸ್‌ಎಫ್‌ಗೆ ಆಯ್ಕೆಯಾಗದೆ ಬೇರೆ ರೆಜಿಮೆಂಟ್‌ಗೆ ಹೋದ, ಅಲ್ಲಿ ಒಳ್ಳೆಯ ಹೆಸರು ಮಾಡಿದ. ಪ್ರೊಬೇಷನ್‌ನಿಂದ ವಾಪಸ್ ಹೋಗುವುದು ಅವಮಾನ ಎಂದು ಯಾರೋ ಹಬ್ಬಿಸಿಬಿಟ್ಟಿದ್ದಾರೆ, ಬರೀ ಸುಳ್ಳು.

ಆಗ್ರಾದಲ್ಲಿ ಪ್ಯಾರಾಚೂಟ್ ಜಿಗಿತ, ಪ್ಯಾರಾದವರ ಮರೂನ್ ಬೆರೆ ಟೋಪಿ, ಎಸ್‌ಎಫ್‌ನವರ ಬಲಿದಾನ್ ಬ್ಯಾಡ್ಜ್ ಇವೆಲ್ಲ ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆ, ಆ ಬಗ್ಗೆ ಹೇಳುವವರು ಬೇಕಾದಷ್ಟಿದ್ದಾರೆ. ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲದ್ದು ಇದು: ಪ್ಯಾರಾಚೂಟ್ ರೆಜಿಮೆಂಟ್‌ನ ತರಬೇತಿ ಕೇಂದ್ರ ಇರುವುದು ಬೆಂಗಳೂರಿನಲ್ಲಿ. 21 ಪ್ಯಾರಾ ಎಸ್‌ಎಫ್ ಮೊದಲು ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿಯ ಪಲ್ಟನ್ ಆಗಿತ್ತು. ಎಸ್‌ಎಫ್ ಕೈತಪ್ಪಿ ಕಾಲಾಳು ಪಡೆಗೆ ಸೇರಿದರೂ ಯುವ ಅಧಿಕಾರಿಗೆ ಬೆಳಗಾವಿಯ ಕಮಾಂಡೋ ಕೋರ್ಸ್ ಕಾದಿರುತ್ತದೆ. ಅಲ್ಲೂ ಹೊರೆ ಹೊತ್ತ ಸ್ಪೀಡ್ ಮಾರ್ಚ್‌ಗಳು, ಅಲ್ಲೂ ನೋಡುವ ಉಸ್ತಾದರು.

ಈಗಿನಿಂದಲೇ ಅಭ್ಯಾಸ ಬೇಕೆನ್ನುವವರಿಗೆ ಒಂದು ಕೆಲಸ ಹೇಳುತ್ತೇನೆ. ಮುಂದಿನ ಸಲ ಕುಮಾರ ಪರ್ವತ ಹತ್ತುವಾಗ ಗುಂಪಿನ ಕೊನೆಯವನ ಜೊತೆ ನಡೆಯಿರಿ. ಅವನ ಬ್ಯಾಗನ್ನೂ ಹೊತ್ತುಕೊಳ್ಳಿ, ಮುಂದಿನ ತಿರುವು ಎಲ್ಲಿ ಬರುತ್ತದೆಂದು ಅವನ ಬಾಯಲ್ಲೇ ಹೇಳಿಸಿ.