ಚಿತ್ರಕೃಪೆ: ಅಂತರ್ಜಾಲ

ಮಳೆಯ ಬಗ್ಗೆ ಒಂದು ಪುಟ್ಟ ಬರಹ ಬರೆದಿದ್ದೆ. ಜೊತೆಗೊಂದು ಫೋಟೋ ಇದ್ದರೆ ಚೆಂದ ಅನ್ನಿಸಿತು. ಹುಡುಕಿದಾಗ ತೊಯ್ದು ಮುದ್ದೆಯಾದ ಮಿಂಚುಳ್ಳಿಯೊಂದು ಸಿಕ್ಕಿತು. ಇಳಿಸಿಕೊಂಡೆ, ಕೆಳಗೆ ‘ಚಿತ್ರಕೃಪೆ: ಅಂತರ್ಜಾಲ’ ಅಂತ ಬರೆದೆ, ಹಂಚಿದೆ. ಎರಡು ನಿಮಿಷದ ಕೆಲಸ.

ಮೂರನೇ ದಿನ ಸಂದೇಶ ಬಂತು. ‘ಈ ಫೋಟೋ ತೆಗೆದದ್ದು ಅಂತರ್ಜಾಲ ಅಲ್ಲ, ನಾನು. ಮೂಲೆಯಲ್ಲಿದ್ದ ನನ್ನ ಹೆಸರು ಎಲ್ಲಿ ಹೋಯಿತು?’

ಹೆಸರು ತಾನಾಗಿ ಹೋಗಿರಲಿಲ್ಲ. ಚೌಕಕ್ಕೆ ಸರಿಯಾಗಿ ಕೂರಲಿ ಅಂತ ನಾನೇ ಅಂಚು ಕತ್ತರಿಸಿದ್ದೆ. ಕತ್ತರಿಸುವಾಗ ಆ ಸಣ್ಣ ಸಹಿ ಕಂಡಿತ್ತು ಕೂಡ. ಇದನ್ನು ಅವರಿಗೆ ಹೇಳುವ ಧೈರ್ಯ ಬರಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಬದಲಿಗೆ ಜಾಣತನ ತೋರಿಸಿದೆ. ‘ನಿಮ್ಮ ಹೆಸರು ಹಾಕುತ್ತೇನೆ, ಸಾಕಲ್ವಾ? ನಾನು ದುಡ್ಡೇನೂ ಮಾಡ್ತಿಲ್ಲ. ಕಾಪಿರೈಟ್ ಗುರುತೂ ಇರಲಿಲ್ಲ.’

‘ಹೆಸರು ಹಾಕುವುದು ಬೇರೆ, ಕೇಳುವುದು ಬೇರೆ’ ಅಂದರು. ಅಷ್ಟೇ.

ರಾತ್ರಿ ಕೂತು ಓದಿದೆ. ಕಾಪಿರೈಟ್ ಬಗ್ಗೆ ದೇಶದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದಕ್ಕೆ 1908ರಲ್ಲೇ ಒಂದು ನಿಯಮ ಸೇರಿದೆ: ಹಕ್ಕು ಸಿಗಲು ನೋಂದಣಿಯೂ ಬೇಡ, ಗುರುತೂ ಬೇಡ. ಕ್ಯಾಮೆರಾ ಕ್ಲಿಕ್ ಅಂದ ಕ್ಷಣಕ್ಕೇ ಚಿತ್ರ ಸಾಮಾನ್ಯವಾಗಿ ತೆಗೆದವರದ್ದು. ನನ್ನ ಮೂರನೇ ವಾದ ಹುಟ್ಟುವ ಮೊದಲೇ ಸತ್ತಿತ್ತು!

ಕೇಳದೆ ಬಳಸಬಹುದಾದ ಚಿತ್ರಗಳೂ ಇವೆ. ಹಕ್ಕಿನ ಅವಧಿ ಮುಗಿದವು ಇವೆ. ತೆಗೆದವರೇ ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಬಳಕೆಯ ಪರವಾನಗಿ ಕೊಟ್ಟವು ಇವೆ. ಆದರೆ ಅದರಲ್ಲೂ ಷರತ್ತುಗಳಿರುತ್ತವೆ. ಒಬ್ಬರು ಹೆಸರು ಹಾಕಿದರೆ ಸಾಕು ಅನ್ನುತ್ತಾರೆ, ಇನ್ನೊಬ್ಬರು ವ್ಯಾಪಾರಕ್ಕೆ ಬೇಡ ಅನ್ನುತ್ತಾರೆ, ಮತ್ತೊಬ್ಬರು ಬದಲಾಯಿಸಿ ಹಂಚಬೇಡಿ ಅನ್ನುತ್ತಾರೆ. ಹುಡುಕಾಟದಲ್ಲಿ ಸಿಕ್ಕಿತು ಅನ್ನುವುದು ಮಾತ್ರ ಯಾವ ಪರವಾನಗಿಯೂ ಅಲ್ಲ.

ಬೆಳಗ್ಗೆ ಕ್ಷಮೆ ಕೇಳಿದೆ. ಇನ್ನು ಮುಂದೆ ಬಳಸಬಹುದೇ ಅಂತಲೂ ಕೇಳಿದೆ. ಒಪ್ಪುತ್ತಾರೆ ಅಂತ ಒಳಗೊಳಗೇ ನಂಬಿದ್ದೆ. ಅವರು ‘ಇಲ್ಲ, ಆ ಚಿತ್ರವನ್ನು ಒಂದು ಪತ್ರಿಕೆಗೆ ಕೊಟ್ಟಿದ್ದೇನೆ’ ಅಂದರು. ಬೇಜಾರಾಯಿತು, ಸುಳ್ಳು ಯಾಕೆ. ತೆಗೆದುಹಾಕಿದೆ.

ಆಮೇಲೆ ನನ್ನ ಹಳೆಯ ಬರಹಗಳನ್ನು ತೆರೆದು ನೋಡಿದೆ. ಒಂಬತ್ತು ಕಡೆ ಅದೇ ‘ಚಿತ್ರಕೃಪೆ: ಅಂತರ್ಜಾಲ’. ಚಿತ್ರವನ್ನೇ ಕೊಟ್ಟು ಹುಡುಕುವ ಸೌಲಭ್ಯ ಇದೆಯಲ್ಲ, ಅದರಲ್ಲಿ ನಾಲ್ಕಕ್ಕೆ ಮಾತ್ರ ತೆಗೆದವರು ಸಿಕ್ಕರು. ನಾಲ್ವರಿಗೂ ಬರೆದೆ. ಇಬ್ಬರು ಖುಷಿಯಿಂದ ಒಪ್ಪಿದರು, ಅವರಲ್ಲೊಬ್ಬರು ಮೂಲ ಚಿತ್ರವನ್ನೇ ಕಳಿಸಿದರು. ಇನ್ನಿಬ್ಬರಿಂದ ಉತ್ತರವೇ ಇಲ್ಲ. ಮೌನ ಅಂದರೆ ಒಪ್ಪಿಗೆ ಅಂತ ಹಳೆಯ ನಾನಾಗಿದ್ದರೆ ವಾದಿಸುತ್ತಿದ್ದೆ.

ಏಳು ಬರಹಗಳು ಈಗ ಚಿತ್ರವಿಲ್ಲದೆ ಇವೆ. ಮಳೆಯ ಬರಹಕ್ಕೆ ನಾನೇ ತೆಗೆದ ಫೋಟೋ ಹಾಕಿದ್ದೇನೆ. ಮಿಂಚುಳ್ಳಿ ಹಾರಿಹೋದ ಮೇಲಿನ ಖಾಲಿ ಕೊಂಬೆ, ಅದೂ ಸ್ವಲ್ಪ ಮಸುಕು.