ಇಪ್ಪತ್ತು ವರ್ಷ ಎಲ್ಲಿಂದ ತರೂದು?

13 ಆಗಸ್ಟ್ 2024, ಮಂಗಳವಾರ, ರಾತ್ರಿ

ಹನ್ನೊಂದು ಹೊಡೆಯಿತು, ಪಪ್ಪನ ಕೋಣೆಯ ದೀಪ ಇನ್ನೂ ಆರಿಲ್ಲ. ಆಗಲೇ ಒಮ್ಮೆ ಇಣುಕಿ "ಸಾಕು, ಮಲಗ್ರಿ ಪಪ್ಪಾ" ಅಂದೆ. ತಲೆ ಎತ್ತದೆ "ಇನ್ನ ಇಪ್ಪತ್ತು ವರ್ಷ ಸಿಗವಲ್ದವಾ" ಅಂದರು. ಗುರುತಿಲ್ಲದವರು ಕೇಳಿದ್ದರೆ ಡಾಕ್ಟರಿಗೆ ಫೋನ್ ಮಾಡುತ್ತಿದ್ದರು.

ಎಲ್ಲಾ ಬೆಳಿಗ್ಗೆ ಬೈಬಲ್ ಸಾರಲು ಬಂದ ಆ ಇಬ್ಬರು ಹುಡುಗರಿಂದ. ಜಿಟಿಜಿಟಿ ಮಳೆಯಲ್ಲಿ ಒಂದೇ ಛತ್ರಿ ಹಿಡಿದು ಬಂದಿದ್ದರು. ಸಭ್ಯರು, ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡು ಒಳಗೆ ಬಂದರು. ಪಪ್ಪ ಚಹಾ ಕೊಡಿಸಿ ಅರ್ಧ ತಾಸು ಕೂಡಿಸಿಕೊಂಡರು. ಹೋಗುವಾಗ ಒಂದು ಪುಸ್ತಿಕೆ ಬಿಟ್ಟು ಹೋದರು. ಬಾಬೆಲಿನ (ಬಾಬಿಲೋನಿನ) ಅರಸ ನೆಬೂಕದ್ನೆಚ್ಚರನ ಕೈಗೆ ಯೆರೂಸಲೇಮ್ ಬಿದ್ದದ್ದು ಕ್ರಿ.ಪೂ. 607ರಲ್ಲಿ, ಅಲ್ಲಿಂದ ಬೈಬಲಿನ ಭವಿಷ್ಯವಾಣಿಯ 2520 ವರ್ಷ ಎಣಿಸಿದರೆ ಕ್ರಿ.ಶ. 1914, ಆ ವರ್ಷವೇ ಮಹಾಯುದ್ಧ ಶುರುವಾಯಿತಲ್ಲ ಎಂಬ ವಾದ.

ಬೇರೆಯವರಾದರೆ ವಾದಕ್ಕೆ ಇಳಿಯುತ್ತಿದ್ದರು. ಪಪ್ಪ ಮೊದಲು ಕೂಡಿ ನೋಡಿದರು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕೂತ ಕೈ. 607ಕ್ಕೆ 1914 ಕೂಡಿದರೆ 2521. ಕ್ರಿಸ್ತಪೂರ್ವ ಒಂದಾದ ಮೇಲೆ ಕ್ರಿಸ್ತಶಕ ಒಂದು, ನಡುವೆ ಸೊನ್ನೆಯ ವರ್ಷ ಇಲ್ಲ, ಆದ್ದರಿಂದ ಒಂದು ಕಳೆದು 2520. "ಕೂಡಿದ್ದು ಬರೋಬ್ಬರಿ ಐತಿ. ಆ ಮಿಲ್ಲರ್‌ನಂಗ ಎಡವಿಲ್ಲ" ಅಂದರು. ಅಮೆರಿಕದ ವಿಲಿಯಂ ಮಿಲ್ಲರ್ ದಾನಿಯೇಲನ 2300 ದಿನಗಳನ್ನು ವರ್ಷ ಮಾಡಿ, ಎಣಿಕೆ ಶುರುವಾಗುವ ಕ್ರಿ.ಪೂ. 457ನ್ನು ಅದರಲ್ಲಿ ಕಳೆದು 1843 ಅಂದಿದ್ದ. ಸೊನ್ನೆ ಇಲ್ಲವೆಂಬುದು ಆಮೇಲೆ ಹೊಳೆದು 1844 ಆಯಿತು. ಆ ವರ್ಷದ ಅಕ್ಟೋಬರ್ 22ರ ರಾತ್ರಿ ಸಾವಿರಾರು ಜನ ಕ್ರಿಸ್ತನ ಮರುಬರವಿಗೆ ಎಚ್ಚರವಿದ್ದು ಕಾದರು. ಬೆಳಗಾಯಿತು, ಅಷ್ಟೇ.

"ಕೂಡಿದ್ದು ಸರಿ. ಓಪನಿಂಗ್ ಬ್ಯಾಲೆನ್ಸ್ ಎಲ್ಲಿಂದ ಬಂತು, ಅದನ್ನ ನೋಡಬೇಕು."

ಆಮೇಲೆ ಆ ಉದ್ದನೆಯ ಹಳೆ ಡೈರಿ ಹೊರಗೆ ಬಂತು. ನಿಮಗೆ ಗೊತ್ತಿರುವುದೇ, ಎಡಪುಟದಲ್ಲಿ ಯೆಹೂದದ ಅರಸರು, ಬಲಪುಟದಲ್ಲಿ ಬಾಬೆಲಿನವರು, ನಡುವೆ ಕೆಂಪು ಪೆನ್ನಿನ ಗೆರೆ. ಬಲಪುಟ ಚಿಕ್ಕದು. ನೆಬೂಕದ್ನೆಚ್ಚರ 43 ವರ್ಷ, ಎವೀಲ್ಮೆರೋದಕ 2, ನೆರಿಗ್ಲಿಸ್ಸಾರ್ 4, ಅವನ ಮಗ ಕೆಲವೇ ತಿಂಗಳು, ನಬೋನಿಡಸ್ 17. ಒಟ್ಟು 66. ಬಾಬೆಲ್ ಗೆದ್ದ ಪರ್ಷಿಯಾದ ಕೋರೆಷನ ಮೊದಲ ವರ್ಷ ಕ್ರಿ.ಪೂ. 538, ಅದಕ್ಕೆ 66 ಸೇರಿಸಿದರೆ 604, ನೆಬೂಕದ್ನೆಚ್ಚರನ ಮೊದಲ ವರ್ಷ. ಅವನ ಹದಿನೆಂಟನೆಯದು 587. ದೇವಾಲಯ ಸುಟ್ಟದ್ದು ಆಗ, ಇಲ್ಲವೇ ಮರುವರ್ಷ. 587ರಿಂದ ಬಾಬೆಲ್ ಬಿದ್ದ 539ಕ್ಕೆ ಬರೀ ನಲವತ್ತೆಂಟು. ಪುಸ್ತಿಕೆಯವರಿಗೆ ಯೆರೆಮೀಯ ಪ್ರವಾದಿ ಹೇಳಿದ ಎಪ್ಪತ್ತು ಬೇಕು. ಯೆಹೂದ್ಯರು ಊರಿಗೆ ಮರಳಿದ್ದು 537ರಲ್ಲಿ ಎಂದು ಹಿಡಿದು ಅಲ್ಲಿಂದ ಎಪ್ಪತ್ತು ಹಿಂದೆ ಹೋಗಿ 607 ಮಾಡಿದ್ದಾರೆ, 587ಕ್ಕಿಂತ ಇಪ್ಪತ್ತು ವರ್ಷ ಹಿಂದೆ.

(ಸಂಡೇ ಸ್ಕೂಲಿನ ಕೋರೆಷ ಮತ್ತು ಸಮಾಜ ಪುಸ್ತಕದ ಸೈರಸ್ ಒಬ್ಬನೇ ಎಂದು ನನಗೆ ತಿಳಿದದ್ದು ಪಿಯುಸಿಯಲ್ಲಿ. ಅಲ್ಲಿಯವರೆಗೆ ಇಬ್ಬರು ರಾಜರು. ದಾರ್ಯಾವೆಷ ಮತ್ತು ಡೇರಿಯಸ್ ಸೇರಿ ನಾಲ್ವರು.)

"ಇಪ್ಪತ್ತು ವರ್ಷ ಎಲ್ಲಿಂದ ತರೂದು?" ಪಪ್ಪನ ತಕರಾರು ಇದೊಂದೇ. "ಯಾವ ರಾಜನ ಹೆಸರಿಗೆ ಹಾಕ್ತಿ? ವೋಚರ್ ಎಲ್ಲೈತಿ?" ಬಾಬೆಲಿನಲ್ಲಿ ಎಗಿಬಿ ಅಂತ ಒಂದು ಮನೆತನ ಇತ್ತಂತೆ, ಐದು ತಲೆಮಾರು ಸಾಲ ಕೊಡುವುದು, ಹೊಲ ಕೊಳ್ಳುವುದು, ಖರ್ಜೂರದ ವ್ಯಾಪಾರ. ಅವರ ಪತ್ರಗಳು ಮಣ್ಣಿನ ಫಲಕಗಳಾಗಿ ಸಾವಿರಕ್ಕೂ ಮಿಕ್ಕಿ ಸಿಕ್ಕಿವೆ. ಪತ್ರದ ಕೊನೆಗೆ ತಾರೀಖು: ದಿನ, ತಿಂಗಳು, ಇಂಥ ರಾಜನ ಇಷ್ಟನೇ ವರ್ಷ. ಒಬ್ಬ ರಾಜ ಸತ್ತು ಇನ್ನೊಬ್ಬ ಬಂದರೆ ತಾರೀಖು ತಾನಾಗಿ ಬದಲಾಗುತ್ತದೆ. ಹೆಚ್ಚಿನ ಇಪ್ಪತ್ತು ವರ್ಷ ಇದ್ದಿದ್ದರೆ ಆ ಇಪ್ಪತ್ತು ವರ್ಷ ಯಾರೂ ಸಾಲ ಮಾಡಲಿಲ್ಲವೇ? "ಸಾಲ ಮಾಡಲಾರದ ಇಪ್ಪತ್ತು ವರ್ಷ ಯಾವ ಊರಾಗೂ ಇರಂಗಿಲ್ಲವಾ, ನನ್ನ ಕೇಳು" ಅಂದರು. ಸಾಲದ ವಿಭಾಗದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು.

ಇನ್ನೊಂದು ಫಲಕ ಬರ್ಲಿನ್ನಿನಲ್ಲಿದೆ. ನೆಬೂಕದ್ನೆಚ್ಚರನ 37ನೇ ವರ್ಷದಲ್ಲಿ ಚಂದ್ರ ಎಲ್ಲಿದ್ದ, ಗ್ರಹಗಳು ಯಾವ ನಕ್ಷತ್ರದ ಹತ್ತಿರ ಇದ್ದವು ಎಂದು ಬರೆದಿಟ್ಟದ್ದು. ಲೆಕ್ಕ ಹಾಕಿದರೆ ಆ ಆಕಾಶ ಕ್ರಿ.ಪೂ. 568-567ಕ್ಕೆ ಕೂಡುತ್ತದೆ. ಚಂದ್ರನಿಗೆ ಯಾವ ಸಭೆಯ ಹಂಗೂ ಇಲ್ಲ.

ಹಾಗಾದರೆ ಯೆರೆಮೀಯನ ಎಪ್ಪತ್ತು? ಕೇಳಬಾರದಿತ್ತು. ಪಪ್ಪ ಇನ್ನೊಂದು ಪುಟ ತಿರುವಿದರು. ಅಲ್ಲಿ ಪೆನ್ಸಿಲಿನಲ್ಲಿ ಮೂರು ಸಾಲು. 605ರಿಂದ 538: 67. 609ರಿಂದ 539: 70. 586ರಿಂದ 516: 70. ಮೊದಲನೆಯದು ನೆಬೂಕದ್ನೆಚ್ಚರ ಪಟ್ಟಕ್ಕೆ ಬಂದ ವರ್ಷದಿಂದ, ಮೂರು ಕಮ್ಮಿ. ಎರಡನೆಯದು ಹಾರಾನಿನಲ್ಲಿ ಅಶ್ಶೂರದ (ಅಸ್ಸೀರಿಯಾದ) ಕೊನೆಯ ಉಸಿರು ನಿಂತದ್ದರಿಂದ ಬಾಬೆಲ್ ಬೀಳುವವರೆಗೆ. ಮೂರನೆಯದು ದೇವಾಲಯ ಸುಟ್ಟು ಮತ್ತೆ ಎದ್ದು ನಿಲ್ಲುವವರೆಗೆ; ಜೆಕರ್ಯನೂ ದಾರ್ಯಾವೆಷನ ಎರಡನೇ ವರ್ಷದಲ್ಲಿ 'ಈ ಎಪ್ಪತ್ತು ವರ್ಷ' ಎನ್ನುತ್ತಾನೆ. ನನ್ನ ಒಲವು ನಡುವಿನದಕ್ಕೆ. ಯೆರೆಮೀಯನ ಪತ್ರದಲ್ಲಿ ಎಪ್ಪತ್ತು ಇರುವುದು ಬಾಬೆಲಿಗೆ, ಯೆರೂಸಲೇಮಿಗಲ್ಲ. ಆದರೆ ಹೇಳಲು ನಾಲಿಗೆ ಏಳಲಿಲ್ಲ. ಉತ್ತರ ನೋಡಿಕೊಂಡು ಗಣಿತ ಬಿಡಿಸಿದ ಹುಡುಗಿಯ ಹಾಗೆ ಅನಿಸಿತು. 67ರ ಮುಂದೆ ಪಪ್ಪ ಪ್ರಶ್ನಾರ್ಥಕ ಹಾಕಿದ್ದರು, ಉಳಿದೆರಡಕ್ಕೆ ಇಲ್ಲ. ಪ್ರಶ್ನೆ ಆ ಎರಡಕ್ಕೇ ಬೇಕಿತ್ತಲ್ಲವೇ?

ಆಗ ತಮ್ಮನ ಫೋನ್, ಮಸ್ಕತ್ತಿನಿಂದ. ಪಪ್ಪನ ಎಂಬತ್ತು ಮಾಡಬೇಕು, ಟಿಕೆಟ್ ಈಗಲೇ ತೆಗೆದರೆ ಸೋವಿ, ತಾರೀಖು ಹೇಳು ಅಂತ. "ಪಾಸ್‌ಪೋರ್ಟಿನಾಗ ಒಂದು ಜೂನ್ 1946 ಐತಿ. ಹಂಗಂದ್ರ ಇನ್ನೆರಡು ವರ್ಷ ಆಯ್ತಲ್ಲಕ್ಕಾ?" ಅಯ್ಯೋ ಮಾರಾಯಾ, ಜೂನ್ ಒಂದಕ್ಕೆ ಹುಟ್ಟಿದವರೆಲ್ಲ ಆಗಿನ ಕನ್ನಡ ಸಾಲಿ ಮಾಸ್ತರರ ಮಕ್ಕಳು! ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ 1944ರ ನವೆಂಬರ್ ಇದೆ. ಸಾಲಿ ತಾರೀಖಿನಿಂದ ಪಪ್ಪನಿಗೆ ಹದಿನೆಂಟು ತಿಂಗಳ ಸಂಬಳ ಹೆಚ್ಚು ಸಿಕ್ಕಿತು, 2006ರ ಮೇ 31ಕ್ಕೆ ನಿವೃತ್ತಿ. ಆ ಹಣದಲ್ಲೇ ಇವನ ಮೊದಲ ವೀಸಾ ಆದದ್ದು, ಅದು ಅವನಿಗೆ ನೆನಪಿಲ್ಲ.

"ಹಂಗಾರ ಈಗ ಎಷ್ಟು ಅವರಿಗೆ?"

"ಎಪ್ಪತ್ತೊಂಬತ್ತು ತುಂಬ್ಯಾವು, ಎಂಬತ್ತು ನಡದೈತಿ."

ಅಂದವಳೇ ನಿಂತೆ. ದೊಡ್ಡವ್ವ ಎಂಬತ್ತು ಅನ್ನುತ್ತಾಳೆ. ನಾನು ಎಪ್ಪತ್ತೊಂಬತ್ತು. ಪಾಸ್‌ಪೋರ್ಟ್ ಎಪ್ಪತ್ತೆಂಟು. ಸುಳ್ಳು ಹೇಳುತ್ತಿರುವುದು ಪಾಸ್‌ಪೋರ್ಟ್ ಒಂದೇ.

ಫೋನಿಟ್ಟು ಬಂದು ಯೆರೆಮೀಯ 52 ತೆಗೆದೆ. ಒಂದೇ ಅಧ್ಯಾಯ. ಹನ್ನೆರಡನೇ ವಚನದಲ್ಲಿ ದೇವಾಲಯ ಸುಟ್ಟದ್ದು ನೆಬೂಕದ್ನೆಚ್ಚರನ ಹತ್ತೊಂಬತ್ತನೇ ವರ್ಷ. ಇಪ್ಪತ್ತೊಂಬತ್ತರಲ್ಲಿ ಸೆರೆಯವರನ್ನು ಒಯ್ದದ್ದು ಹದಿನೆಂಟನೇ ವರ್ಷ. ಅದರ ಮೇಲಿನ ವಚನದಲ್ಲಿ ಏಳನೇ ವರ್ಷ, 3023 ಜನ. ಅರಸುಗಳ ಪುಸ್ತಕದಲ್ಲಿ ಯೆಹೂದದ ಅರಸ ಯೆಹೋಯಾಖೀನ ಸೆರೆಯಾದದ್ದು ಎಂಟನೇ ವರ್ಷ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅಂಗೈಯಷ್ಟೇ ಇರುವ ಫಲಕ ಏಳನೇ ವರ್ಷ ಎನ್ನುತ್ತದೆ, ಅದಾರ್ ಎಂಬ ಹನ್ನೆರಡನೇ ತಿಂಗಳ ಎರಡನೇ ದಿನ. ನಮ್ಮ ಲೆಕ್ಕಕ್ಕೆ ಕ್ರಿ.ಪೂ. 597ರ ಮಾರ್ಚ್ 16.

ನೆಬೂಕದ್ನೆಚ್ಚರ ಸಿಂಹಾಸನ ಏರಿದ್ದು 605ರ ಸೆಪ್ಟೆಂಬರಿನಲ್ಲಿ. ಬಾಬೆಲಿನವರ ಹೊಸ ವರ್ಷ ನೀಸಾನ್, ಹೆಚ್ಚುಕಮ್ಮಿ ನಮ್ಮ ಯುಗಾದಿ ಹೊತ್ತಿಗೆ. ಆ ನಡುವಿನ ಆರೇಳು ತಿಂಗಳನ್ನು ಅವರು 'ಪಟ್ಟವೇರಿದ ವರ್ಷ' ಎಂದು ಬದಿಗಿಟ್ಟು, ಒಂದನೇ ವರ್ಷವನ್ನು ನೀಸಾನಿನಿಂದ ಎಣಿಸಿದರು. ಇನ್ನು ಕೆಲವರು ಆ ತಿಂಗಳುಗಳನ್ನೇ ಒಂದನೇ ವರ್ಷ ಅಂದರು. ತುಂಬಿದ್ದು ಏಳು, ನಡೆಯುವುದು ಎಂಟು.

ಪಪ್ಪನಿಗೆ ಹೇಳಿದೆ. ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಬ್ರೋಕನ್ ಪೀರಿಯಡ್! ಇಷ್ಟ ಏನ?" 605 ಅಂದರೆ ಯೆಹೋಯಾಖೀನನ ತಂದೆ ಯೆಹೋಯಾಕೀಮನ ಮೂರನೇ ವರ್ಷ ಅಂತ ದಾನಿಯೇಲ, ನಾಲ್ಕನೇ ವರ್ಷ ಅಂತ ಯೆರೆಮೀಯ, ಆ ಗಂಟನ್ನೂ ಕೆಲವು ವಿದ್ವಾಂಸರು ಹೀಗೇ ಬಿಡಿಸುತ್ತಾರೆ ಅಂದೆ. ಖುಷಿಯಾಗಿ ಎದ್ದು ಕೂತರು. ಮರುಕ್ಷಣ, "ಆದರ 605ರಾಗ ಯೆರೂಸಲೇಮಿಗೆ ಮುತ್ತಿಗೆ ಹಾಕಿದ್ದು ಆ ಫಲಕದಾಗ ಐತೇನು?" ಇಲ್ಲ. ಹತ್ತೀ ದೇಶ (ಸಿರಿಯಾ ಕಡೆಯ ಸೀಮೆ) ಗೆದ್ದ ಎಂದಿದೆ, ಯೆರೂಸಲೇಮಿನ ಹೆಸರಿಲ್ಲ. "ಮತ್ತ?" ಅಂದರು. ನಾನೇನು ಹೇಳಲಿ. ಎಣಿಕೆ ಸರಿಹೋದರೆ ಘಟನೆಯೂ ಆಯಿತು ಎಂದು ಬರೆದುಕೊಳ್ಳುವವರಲ್ಲ ಅವರು, ಅದೇ ತೊಂದರೆ.

ಯೆಹೋಯಾಖೀನನ ಫಲಕ ಮಾತ್ರ ಅವರಿಗೆ ಬಹಳ ಪ್ರೀತಿ. ಜರ್ಮನಿಯ ಕೋಲ್ಡೆವೇ ಬಾಬಿಲೋನಿನಲ್ಲಿ ಅಗೆದಾಗ ಸಿಕ್ಕ ಎಣ್ಣೆಯ ಲೆಕ್ಕ. ಕ್ರಿ.ಪೂ. 592ರದ್ದು. ಯಾಹೂದು (ಯೆಹೂದ) ದೇಶದ ಅರಸನಿಗೆ ಇಷ್ಟು, ಅವನ ಐದು ಗಂಡುಮಕ್ಕಳಿಗೆ ಇಷ್ಟು. ಪಪ್ಪ ಅದನ್ನು ರೇಷನ್ ಕಾರ್ಡು ಅನ್ನುತ್ತಾರೆ. ಹದಿನೆಂಟನೇ ವಯಸ್ಸಿಗೆ ಪಟ್ಟ, ಮೂರೇ ತಿಂಗಳು ಆಳ್ವಿಕೆ, ಸೆರೆಯ ಮೂವತ್ತೇಳನೇ ವರ್ಷಕ್ಕೆ ಬಿಡುಗಡೆ. ಬಿಟ್ಟದ್ದು ಹನ್ನೆರಡನೇ ತಿಂಗಳ 27ಕ್ಕೆ ಎಂದು ಒಂದು ಪುಸ್ತಕ, 25ಕ್ಕೆ ಎಂದು ಇನ್ನೊಂದು. ಅದಕ್ಕೆ ಯಾವ ನೀಸಾನೂ ಉತ್ತರ ಕೊಡುವುದಿಲ್ಲ.

ಕಣ್ಣು ಉರಿಯುತ್ತವೆ, ನೀನೇ ಓದು ಅಂದರು. ಯೆರೆಮೀಯನ 29ನೇ ಅಧ್ಯಾಯ, ಸೆರೆಯವರಿಗೆ ಬರೆದ ಪತ್ರ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಹಣ್ಣು ತಿನ್ನಿ, ಮಕ್ಕಳ ಮದುವೆ ಮಾಡಿ. ಹತ್ತನೇ ವಚನಕ್ಕೆ ಎಪ್ಪತ್ತು ವರ್ಷ. ಪಪ್ಪ ಮಣಮಣ ಎಣಿಸುತ್ತಿದ್ದರು. "597ರಾಗ ಮೂವತ್ತು ವರ್ಷದಾವ ಹೋಗಿದ್ದ ಅನ್ನು. ಕೋರೆಷ ಹೋಗ್ರಿ ಅನ್ನೂದರಾಗ ಎಂಬತ್ತೊಂಬತ್ತು."

"ತುಂಬಿದ್ದೋ, ನಡಿಯೂದೋ?" ಅಂದೆ.

ನಕ್ಕರು. ಆಮೇಲೆ ಸುಮ್ಮನಾದರು. ಗೋಡೆಯ ಮೇಲೆ ತಮ್ಮನ ಮದುವೆಯ ಫೋಟೋ ಇದೆಯಲ್ಲ, ಅದನ್ನೇ ನೋಡುತ್ತಿದ್ದರು.

ತಮ್ಮನ ಮೆಸೇಜ್ ಬಂದು ಮುಕ್ಕಾಲು ತಾಸಾಯಿತು, 'ಡೇಟ್ ಫೈನಲ್?' ನವೆಂಬರ್ ಅಂತ ಟೈಪ್ ಮಾಡಿದ್ದೇನೆ, ಕಳಿಸಿಲ್ಲ. ಪಪ್ಪ ಮತ್ತೆ ಕರೆಯುತ್ತಿದ್ದಾರೆ. ಎಜ್ರನ ಆರನೇ ಅಧ್ಯಾಯದಲ್ಲಿ ದೇವಾಲಯ ಮುಗಿದದ್ದು ದಾರ್ಯಾವೆಷನ ಆರನೇ ವರ್ಷದ ಅದಾರಿನಲ್ಲಿ, ಅದು 516 ಅಲ್ಲ, 515ರ ಮಾರ್ಚ್ ಆಗುತ್ತದಲ್ಲ, ಹಾಗಾದರೆ ಆ ಮೂರನೇ ಎಪ್ಪತ್ತೂ