ಆಫ್ರಿಕಾನ್ಸ್‌ನಲ್ಲಿ ಗಂಟೆ ಹೇಳೋದು: ‘ಹಲ್ಫ್‌ಡ್ರಿ’ ಅಂದ್ರೆ ಎರಡೂವರೆ

ದಕ್ಷಿಣ ಆಫ್ರಿಕಾದ ಸಿಶೆನ್ ಕಬ್ಬಿಣದ ಗಣಿ ಇರೋದು ನಾರ್ದರ್ನ್ ಕೇಪ್‌ನಲ್ಲಿ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮನೆಮಾತು ಆಫ್ರಿಕಾನ್ಸ್. ಸಂಡೂರು, ತೋರಣಗಲ್ಲು ಕಡೆ ಅದಿರು–ಉಕ್ಕಿನ ಕೆಲಸದಲ್ಲಿರೋರಿಗೆ ಆ ಕಡೆಯವರ ಜೊತೆ ಮಾತುಕತೆ ಬಿದ್ದರೆ ಮೊದಲು ಕಲಿಯಬೇಕಾದದ್ದು ಗಂಟೆ.

‘ಹು ಲಾಟ್ ಅಸ್ ಡಟ್?’ ಅಂದರೆ ಎಷ್ಟು ಗಂಟೆ. ಅಂಕಿಗಳು: ಇಅನ್, ಟ್ವಿಅ, ಡ್ರಿ, ಫಿರ್, ಫೆಯ್ಫ್, ಸೆಸ್, ಸಿಅವ, ಅಖ್ಟ್, ನಿಅಖ, ಟಿನ್, ಎಲ್ಫ್, ಟ್ವಾಲ್ಫ್. ಬರಹದಲ್ಲಿ ‘ವಿ’ (V) ಅಕ್ಷರ ಇದ್ದರೂ ಉಚ್ಚಾರ ‘ಫ’. ‘ಖ’ ಗಂಟಲಿಂದ ಬರಬೇಕು, ನಮ್ಮೂರ ಉರ್ದುವಿನ ‘ಖಬರ್’ನಲ್ಲಿ ಬರೋ ಹಾಗೆ.

ಸರಿಯಾಗಿ ಮೂರು ಗಂಟೆಗೆ ‘ಡ್ರಿಯೂರ್’. ಈ ‘ಯೂರ್’ಗೆ ತುಟಿಯನ್ನು ‘ಊ’ ಅನ್ನೋ ಹಾಗೆ ಚಾಚಿ, ಬಾಯೊಳಗೆ ‘ಈ’ ಅನ್ನಬೇಕು. ಸುಮ್ಮನೆ ‘ಊರ್’ ಅಂದರೆ ‘ಗಂಟೆ ಆಗಿ ಇಷ್ಟು ನಿಮಿಷ’ ಅನ್ನೋ ಅರ್ಥದ ‘ಊಅರ್’ ಜೊತೆ ಕಲಸಿಹೋಗುತ್ತೆ. ಬಾಕಿ ಇದೆ ಅನ್ನೋಕೆ ‘ಫುಅರ್’. ನಾವು ಗಂಟೆ ಮೊದಲು ಹೇಳ್ತೀವಿ, ಅವರು ನಿಮಿಷ ಮೊದಲು: 3:10 ‘ಟಿನ್ ಊಅರ್ ಡ್ರಿ’, 2:50 ‘ಟಿನ್ ಫುಅರ್ ಡ್ರಿ’. ಕಾಲು ಗಂಟೆ ‘ಕ್ವರ್ಟ್’: 3:15 ‘ಕ್ವರ್ಟ್ ಊಅರ್ ಡ್ರಿ’, 2:45 ‘ಕ್ವರ್ಟ್ ಫುಅರ್ ಡ್ರಿ’.

ಎಲ್ಲರೂ ಎಡವೋದು ಅರ್ಧದಲ್ಲಿ. ನಾವು ಕಳೆದ ಗಂಟೆ ಹಿಡಿದು ‘ಎರಡೂವರೆ’ ಅಂತೀವಿ. ಅವರು ಬರೋ ಗಂಟೆ ಹಿಡಿದು ‘ಹಲ್ಫ್‌ಡ್ರಿ’ ಅಂತಾರೆ. ಇದನ್ನ ಮೂರೂವರೆ ಅಂದುಕೊಂಡರೆ ಮೀಟಿಂಗ್‌ಗೆ ಪೂರ್ತಿ ಒಂದು ಗಂಟೆ ತಡ. 12:30ಕ್ಕೆ ‘ಹಲ್ಫ್‌ಇಅನ್’, ಇದು ಇನ್ನೂ ಮೋಸ ಮಾಡುತ್ತೆ.

ಆದರೆ ಬಳ್ಳಾರಿಯಲ್ಲಿ ಕೂತು ಲೆಕ್ಕ ಹಾಕೋರಿಗೆ ಇದೇ ಅರ್ಧ ಬಹಳ ಸಲೀಸು. ಅವರ ಗಡಿಯಾರ 30 ಡಿಗ್ರಿ ಪೂರ್ವ ರೇಖಾಂಶದ್ದು, ನಮ್ಮದು 82.5 ಡಿಗ್ರಿಯದ್ದು. ನಡುವೆ 52.5 ಡಿಗ್ರಿ, ಡಿಗ್ರಿಗೆ 4 ನಿಮಿಷದಂತೆ 210 ನಿಮಿಷ, ಅಂದರೆ ನಾವು ಮೂರೂವರೆ ತಾಸು ಮುಂದೆ. ಎರಡೂ ದೇಶದಲ್ಲಿ ಬೇಸಿಗೆಗೆ ಗಡಿಯಾರ ತಿರುಗಿಸೋ ಪದ್ಧತಿ ಇಲ್ಲ, ಹಾಗಾಗಿ ವರ್ಷಪೂರ್ತಿ ಇದೇ ಅಂತರ. ‘ಹಲ್ಫ್’ ಕೇಳಿದ ಕೂಡಲೇ ಅವರು ಹೇಳಿದ ಅಂಕಿಗೆ 3 ಕೂಡಿಸಿ, ನಮ್ಮ ಗಂಟೆ ಸಿಕ್ಕಿತು. ಅವರ ಮಧ್ಯಾಹ್ನದ ಹಲ್ಫ್‌ಡ್ರಿ ಇಲ್ಲಿ ಸಂಜೆ 6. ಹಲ್ಫ್‌ಫಿರ್ ಆದರೆ 7. ಉಳಿದದ್ದಕ್ಕೆಲ್ಲ ಮೂರೂವರೆ ಕೂಡಿಸಲೇಬೇಕು.

ಹೊತ್ತು ತಿಳಿಸೋಕೆ ಬೆಳಿಗ್ಗೆಗೆ ‘ಸೊಖನ್ಸ್’, ಮಧ್ಯಾಹ್ನಕ್ಕೆ ‘ಸ್ಮಡಖ್ಸ್’, ರಾತ್ರಿಗೆ ‘ಸಾನ್ಸ್’ ಸೇರಿಸ್ತಾರೆ. ‘ನೆಟ್‌ನೌ’ ಅಂದರೆ ಮಾತ್ರ ಹುಷಾರು. ಅದು ‘ಇನ್ನು ಸ್ವಲ್ಪ ಹೊತ್ತಿಗೆ’ಯೂ ಆಗಬಹುದು, ‘ಸ್ವಲ್ಪ ಹೊತ್ತಿನ ಮುಂಚೆ’ಯೂ ಆಗಬಹುದು. ಆಗ ‘ಹು ಲಾಟ್?’ ಅಂತ ಕೇಳಿ, ಅಂಕಿಯಲ್ಲೇ ಉತ್ತರ ತಗೊಳ್ಳಿ.